ಬಾಣಂತನಕ್ಕೆ ಬಂದ ಅಮ್ಮನ ಕಾಲು

ಲಾಕ್‌ಡೌನ್ ಶುರುವಾದ ಮೇಲೆ ನನ್ನ ದಿನಚರಿಯ ಪ್ರತಿ ಪುಟದ ತಲೆಗೆ ಮೂರು ಸಂಗತಿ ಬರೆಯುತ್ತಿದ್ದೆ: ಯಾವ ವಾರ, ಡಬ್ಬದಲ್ಲಿ ಎಷ್ಟು ಅಕ್ಕಿ ಉಳಿದಿದೆ, ಅಕ್ಕನಿಗೆ ಎಷ್ಟು ತಿಂಗಳಾಯಿತು. ಒಂದು ಬುಧವಾರದ ಪುಟದಲ್ಲಿ ನಾಲ್ಕನೆಯದೊಂದು ಸೇರಿತು. ಅಮ್ಮ ಬಿದ್ದಳು.

ಅಮ್ಮ ಮೈಸೂರಿನಿಂದ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದದ್ದು ಅಕ್ಕನ ಬಾಣಂತನಕ್ಕೆ. ವಿಮಾನಗಳು ನಿಂತುಹೋಗುವ ಭಯದಿಂದ ಬಹಳ ಮುಂಚೆಯೇ ಹೊರಟು ಬಂದಿದ್ದಳು. ಭಾವನ ಕೆಲಸ ಸಿಂಗಪುರದಲ್ಲಿ. ಗಡಿ ಮುಚ್ಚಿದ ಮೇಲೆ ಅವರು ಅಲ್ಲೇ ಉಳಿದರು. ಸೈಬರ್‌ಜಯಾದ ನನ್ನ ಆಫೀಸು ಅಕ್ಕನ ಊಟದ ಮೇಜಿಗೆ ಬಂದಿತ್ತು. ಹೀಗೆ ಆ ಮನೆಯಲ್ಲಿ ನಾವು ಮೂವರು ಹೆಂಗಸರೇ ಇದ್ದೆವು.

ಅಮ್ಮನ ಪೆಟ್ಟಿಗೆಯಲ್ಲಿ ಅವಳ ಸೀರೆಗಳಿಗಿಂತ ಹೆಚ್ಚಾಗಿ ಒಣಶುಂಠಿ, ಲೇಹ್ಯ, ಸಾಂಬ್ರಾಣಿ, ಮೆತ್ತಗಾದ ಹಳೆಯ ಪಂಚೆಗಳಿದ್ದವು. ಅವಳಿಗೆ ಬಾಣಂತನವೆಂದರೆ ಮುಖ್ಯವಾಗಿ ಮಗುವಿನ ಸ್ನಾನ. ನೆಲದ ಮೇಲೆ ಎರಡೂ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಂಡು, ಎಣ್ಣೆ ತೀಡಿ, ಬಿಸಿನೀರು ಎರೆಯುವುದು. ನಮ್ಮ ಬಳಗದ ಮಕ್ಕಳೆಲ್ಲ ಅವಳ ಕಾಲಿನ ಮೇಲೆ ಮಿಂದವರೇ. ಆ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಬುಧವಾರ ಬಟ್ಟೆ ಒಣಹಾಕಲು ಹೋದವಳು ಕಾರು ನಿಲ್ಲಿಸುವ ಪೋರ್ಚಿನ ಮೆಟ್ಟಿಲಲ್ಲಿ ಬಲಗಾಲು ಹೊರಳಿಸಿಕೊಂಡು ಬಿದ್ದಳು. ಬಿದ್ದಲ್ಲೇ ಕೂತು, "ನಂಗೇನೂ ಆಗಿಲ್ಲ, ಮೊದ್ಲು ಬಟ್ಟೆ ಎತ್ಕೊ, ಮಣ್ಣಾಗುತ್ತೆ" ಅಂದಳು. ನಾನು ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಕಾಲಿನ ಹರಡು ನಿಂಬೆಹಣ್ಣಿನಷ್ಟು ಊದಿತ್ತು.

ಅಕ್ಕ ಐಸ್ ತಂದಳು. ಅಮ್ಮ ಬೇಡವೆಂದಳು. ವೀಳ್ಯದೆಲೆಯ ಜೊತೆ ತಮಿಳರ ಅಂಗಡಿಯಿಂದ ತಂದಿದ್ದ ಸುಣ್ಣಕ್ಕೆ ಅರಿಶಿನ ಕಲಸಿ, ಬಿಸಿ ಮಾಡಿ, ದಪ್ಪಗೆ ಪಟ್ಟು ಹಾಕಿಸಿಕೊಂಡಳು. ಮಾರನೆಯ ಬೆಳಿಗ್ಗೆ ಊತ ಹಾಗೇ ಇತ್ತು. ಜೊತೆಗೆ ಸುಣ್ಣ ಹೆಚ್ಚಾಗಿ ಚರ್ಮ ಸುಟ್ಟು ಕೆಂಪಾಗಿತ್ತು.

ಪಕ್ಕದ ಮನೆಯ ಚೀನೀ ಆಂಟಿ ಅಮ್ಮ ಕುಂಟುವುದನ್ನು ನೋಡಿದ್ದು ಅವತ್ತೇ. ಎರಡು ಮನೆಗಳ ನಡುವೆ ಸೊಂಟದೆತ್ತರದ ಗೋಡೆ. ಆಚೆ ಬದಿಯಲ್ಲಿ ಅವರು ಮಾಸ್ಕ್ ಹಾಕಿಕೊಂಡು ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರದು ಇಂಗ್ಲಿಷ್, ಮಲಯ್ ಬೆರೆತ, ಕೊನೆಗೊಂದು 'ಲಾ' ಸೇರುವ ಮಾತು. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನಡುವೆ ನಾನು.

"ಕಾಲು ಗೋಡೆ ಮೇಲಿಡಕ್ಕೆ ಹೇಳು" ಎಂದರು ಆಂಟಿ.

"ಯಾರದೋ ಮುಖದ ಮುಂದೆ ಕಾಲಿಡೋದಾ? ಆಗಲ್ಲಪ್ಪ" ಎಂದಳು ಅಮ್ಮ.

ಕೊನೆಗೆ ಕುರ್ಚಿ ಹಾಕಿ ಕೂರಿಸಿ, ಕಾಲನ್ನು ಸ್ಟೂಲಿನ ಮೇಲಿಟ್ಟೆ. ಆಂಟಿ ಗೋಡೆಯ ಮೇಲಿಂದ ಬಗ್ಗಿ, ಎಲ್ಲಿ ಒತ್ತಬೇಕೆಂದು ನನಗೆ ಬೆರಳಲ್ಲಿ ತೋರಿಸಿದರು. ಒಂದು ಕಡೆ ಒತ್ತಿದಾಗ ಅಮ್ಮ ನನ್ನ ಕೈಗೆ ಹೊಡೆದಳು.

"ಮೊದ್ಲು ಎಕ್ಸ್‌ರೇ ಲಾ" ಎಂದರು ಆಂಟಿ. "ಮೂಳೆ ಸರಿಯಿದ್ರೆ ಆಮೇಲೆ ನನ್ನ ಔಷಧಿ. ಇವತ್ತಂತೂ ಕೊಡಲ್ಲ. ಈ ಸುಟ್ಟ ಚರ್ಮದ ಮೇಲೆ ಹಾಕಿದ್ರೆ ನಿಮ್ಮಮ್ಮ ಗೋಡೆ ಹಾರಿ ನಮ್ಮನೆಗೇ ಬರ್ತಾರೆ."

ಅನುವಾದಿಸಿದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಪೊಲೀಸರು ತಡೆದರು. ಮನೆಗೊಬ್ಬರೇ ಹೊರಗೆ ಬರಬೇಕೆಂಬ ನಿಯಮವಿದ್ದ ದಿನಗಳು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅಮ್ಮ ಅರಿಶಿನದ ಕಾಲನ್ನು ಕಿಟಕಿಯ ಮಟ್ಟಕ್ಕೆ ಎತ್ತಿ ತೋರಿಸಿದಳು. ಪೊಲೀಸಿನವನು ಹಿಂದೆ ಸರಿದು, ಹೋಗಿ ಹೋಗಿ ಎಂದು ಕೈಯಾಡಿಸಿದ.

"ಪಾಪ, ಹುಡುಗ ಹೆದರ್ಕೊಂಡ ಕಣೇ."

ಮೂಳೆ ಮುರಿದಿರಲಿಲ್ಲ, ನರ ಉಳುಕಿತ್ತು. ವಿಶ್ರಾಂತಿ, ಬ್ಯಾಂಡೇಜು, ನೆಲದ ಮೇಲೆ ಕೂರಬಾರದು ಎಂದರು ಡಾಕ್ಟರು. ಕೊನೆಯ ಮಾತು ಕೇಳಿ ಅಮ್ಮನ ಮುಖ ಇಳಿಯಿತು. "ಮಗು ಹುಟ್ಟೋ ಹೊತ್ತಿಗೆ ಕೂರಬಹುದಾ ಕೇಳು" ಎಂದಳು. ಕೇಳಿದೆ. ನೋಡೋಣ ಎಂದರು. ಪಕ್ಕದ ಮನೆಯ ಔಷಧಿಯ ಬಗ್ಗೆಯೂ ಕೇಳಿದೆ. ಗಾಯದ ಮೇಲೆ ಬೇಡ, ಬಿಗಿಯಾಗಿ ಕಟ್ಟಬೇಡಿ, ಅಷ್ಟೇ ಎಂದರು.

ಚರ್ಮ ಸರಿಹೋದ ಮೇಲೆ ಆಂಟಿ ಕಂದು ಬಣ್ಣದ ಸೀಸೆಯೊಂದನ್ನು ಗೋಡೆಯ ಮೇಲಿಟ್ಟರು. ತೀರಿಹೋದ ಅವರ ಗಂಡ ಸಿಂಹ ನೃತ್ಯದ ತಂಡವೊಂದಕ್ಕೆ ತರಬೇತಿ ಕೊಡುತ್ತಿದ್ದರಂತೆ. ಸಿಂಹದ ವೇಷ ಹೊತ್ತು ಕಂಬದಿಂದ ಕಂಬಕ್ಕೆ ನೆಗೆಯುವ ಹುಡುಗರು ಬಿದ್ದಾಗ, ಬೇರು, ತೊಗಟೆ, ಒಣಹೂಗಳನ್ನು ಅಕ್ಕಿಯ ಮದ್ಯದಲ್ಲಿ ವರ್ಷಗಟ್ಟಲೆ ನೆನೆಸಿಟ್ಟ ಈ ಔಷಧಿಯನ್ನು ತಿಕ್ಕುತ್ತಿದ್ದರು. ಇದಕ್ಕೆ ತಿತ್ ತಾ ಔಷಧಿ ಎನ್ನುತ್ತಾರೆ, ಬಿದ್ದವರಿಗೂ ಪೆಟ್ಟು ತಿಂದವರಿಗೂ ಕೊಡುವಂಥದ್ದು. ಮುಚ್ಚಳ ತೆಗೆದರೆ ಶುಂಠಿ, ಕರ್ಪೂರ, ಹಳೆಯ ಮರ ಎಲ್ಲ ಸೇರಿದ ವಾಸನೆ.

"ಸಾರಾಯಿ ವಾಸನೆ ಕಣೇ ಇದು" ಎಂದಳು ಅಮ್ಮ. "ದೇವರ ಗೂಡಿರೋ ಮನೆ ಒಳಗೆ ಬೇಡ." ಸೀಸೆ ಪೋರ್ಚಿನಲ್ಲಿ ಚಪ್ಪಲಿ ಗೂಡಿನ ಮೇಲೆ ಉಳಿಯಿತು. ಅಮ್ಮ ಅದನ್ನು ಸಿಂಹದ ಎಣ್ಣೆ ಎಂದು ಕರೆದಳು. ಅದರಲ್ಲಿ ಎಣ್ಣೆಯ ಹನಿಯೂ ಇರಲಿಲ್ಲ.

ನಾನು ಕಚೇರಿಯ ಮೀಟಿಂಗುಗಳಲ್ಲಿ ಇರುತ್ತಿದ್ದುದರಿಂದ ಸಂಜೆ ಔಷಧಿ ತಿಕ್ಕುವುದನ್ನು ಅಕ್ಕ ವಹಿಸಿಕೊಂಡಳು. ಅಮ್ಮನ ಕಾಲು ಒತ್ತುವುದು ಚಿಕ್ಕಂದಿನಿಂದಲೂ ಅವಳ ಕೆಲಸ. ಅಕ್ಕ ಅಂಗೈಗೆ ಸುರಿದುಕೊಂಡು ಬಿಸಿಯೇರುವವರೆಗೆ ತಿಕ್ಕುವಳು. ನಾನು ರವಿಕೆ ಅಳೆಯುವ ಟೇಪಿನಿಂದ ಹರಡಿನ ಸುತ್ತಳತೆ ಬರೆದಿಡುತ್ತಿದ್ದೆ. ಊತ ನಿಜಕ್ಕೂ ಇಳಿಯುತ್ತಿತ್ತು. ಕಪ್ಪುಗಟ್ಟಿದ್ದ ಕಡೆ ಹಸಿರು, ಆಮೇಲೆ ಹಳದಿ ಬಂತು. ಅಮ್ಮ ಮಂಚದ ಮೇಲೆ ಕೂತು ಎರಡೂ ಕಾಲು ನೀಡಿ, ಬರಿಗಾಲಿನ ಮೇಲೆ ದಿಂಬಿಟ್ಟು ಅಭ್ಯಾಸ ಮಾಡುವುದನ್ನು ನೋಡಿದೆ.

ಒಂದು ಭಾನುವಾರ ಸಂಜೆ ಆಂಟಿ ಗೋಡೆಯ ಬಳಿ ಬಂದವರು ಅಕ್ಕನ ಕೈ ನೋಡಿ ಕೂಗಿಬಿಟ್ಟರು. "ನೀನಲ್ಲ, ನೀನಲ್ಲ. ಬಿಡು ಅದನ್ನ. ಬಸುರಿಯರು ಇದನ್ನ ಮುಟ್ಟಬಾರದು."

ಆಂಟಿ ಹೇಳಿದ್ದಿಷ್ಟು: ಕಟ್ಟಿದ ರಕ್ತವನ್ನು ಓಡಿಸುವುದು ಈ ಔಷಧಿಯ ಗುಣ, ಆದ್ದರಿಂದ ಬಸುರಿಯರಿರುವ ಮನೆಯಲ್ಲಿ ಇದನ್ನು ದೂರವಿಡುತ್ತಾರೆ. ಅಕ್ಕ ಕೈ ತೊಳೆಯಲು ಓಡಿದಳು. ಅಮ್ಮನಿಗೆ ಹೇಳದೆ ಇರಲು ನನ್ನಿಂದಾಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದ ಮೇಲೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ನನ್ನ ಕಾಲಿಗೋಸ್ಕರ" ಎಂದಳು.

ಅಕ್ಕನನ್ನು ನೋಡುವ ಡಾಕ್ಟರಿಗೆ ಫೋನು ಮಾಡಿದೆವು. ಇನ್ನೊಬ್ಬರ ಕಾಲಿಗೆ ಕೆಲವು ಸಂಜೆ ತಿಕ್ಕಿದ್ದಕ್ಕೆ ಗಾಬರಿ ಬೇಡ, ಇನ್ನು ಮುಟ್ಟಬೇಡಿ, ಮಗು ಎಂದಿನಂತೆ ಆಡುತ್ತಿದೆಯೇ ಗಮನಿಸಿ, ಕಡಿಮೆಯೆನಿಸಿದರೆ ತಕ್ಷಣ ಬನ್ನಿ ಎಂದರು. ಅಕ್ಕನಿಗೆ ಸಮಾಧಾನವಾಯಿತು. ಅಮ್ಮನಿಗೆ ಆಗಲಿಲ್ಲ. ಅಡುಗೆಮನೆಯಿಂದಲೇ "ಒದೀತಾ?" ಎಂದು ಕೇಳುವಳು. ಅಕ್ಕ "ಒದೀತು ಅಮ್ಮ" ಎಂದರೆ ನಾನು ದಿನಚರಿಯಲ್ಲಿ ಗೆರೆ ಹಾಕುವೆ. ಮತ್ತೆ ಸ್ವಲ್ಪ ಹೊತ್ತಿಗೆ, "ಒದೀತಾ?"

"ನೀನು ಹೀಗೆ ಕೇಳ್ತಿದ್ರೆ ಅದು ನಿನ್ನನ್ನೇ ಒದೆಯುತ್ತೆ" ಎಂದಳು ಅಕ್ಕ.

ಆದರೆ ಅಮ್ಮ ಔಷಧಿ ಬಿಟ್ಟಳು. ನಾನು ತಿಕ್ಕುತ್ತೇನೆಂದರೂ ಕೇಳಲಿಲ್ಲ. ಅದರ ಗಾಳಿಯೂ ಅಕ್ಕನಿಗೆ ತಾಗಬಾರದಂತೆ. ವಾರದ ಕೊನೆಗೆ ಕುಂಟು ಹೆಚ್ಚಾಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡಲು ಗೋಡೆ ಹಿಡಿಯುತ್ತಿದ್ದಳು.

ಆಂಟಿಗೂ ನೆಮ್ಮದಿಯಿರಲಿಲ್ಲ. ದಿನಾ ಬೆಳಿಗ್ಗೆ ಗೋಡೆಯ ಬಳಿ ನಿಂತು ಅಕ್ಕನನ್ನು ಕರೆದು ನೋಡುತ್ತಿದ್ದರು. "ನಾನು ಕೇಳಬೇಕಿತ್ತು" ಎಂದರು ನನ್ನ ಹತ್ತಿರ. "ನಮ್ಮನೇಲಿ ಬರೀ ಗಂಡು ಹುಡುಗರು ಬಿದ್ದು ಬರ್ತಿದ್ರು. ಬಸುರಿಯ ಯೋಚನೆಯೇ ಬರಲಿಲ್ಲ." ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಡಬ್ಬಿಗೆ ರವೆ ಉಂಡೆ ತುಂಬಿದಳು.

"ಕೊಟ್ಟು ಬಾ. ಆಯಮ್ಮ ಕೊರಗೋದು ಬೇಡ. ಗೊತ್ತಿದ್ದು ಮಾಡಿದ್ದಲ್ಲವಲ್ಲ."

ಆಂಟಿ ಅಲ್ಲೇ ನಿಂತು ಒಂದು ತಿಂದು ತಮ್ಮ ಯೋಜನೆ ಹೇಳಿದರು. ತಿಕ್ಕುವುದು ಅವರ ಪೋರ್ಚಿನಲ್ಲಿ. ತಿಕ್ಕುವವಳು ನಾನು. ಸೀಸೆ ಅವರ ಮನೆಯಲ್ಲೇ ಇರುತ್ತದೆ. ಮುಗಿದ ಮೇಲೆ ಕಾಲಿಗೆ ಬಟ್ಟೆ ಸುತ್ತಬೇಕು, ನಾನು ಸಾಬೂನಿನಲ್ಲಿ ಕೈ ತೊಳೆದು ಬಟ್ಟೆ ಬದಲಿಸಿ ಒಳಗೆ ಹೋಗಬೇಕು. ಅಕ್ಕ ಹಠ ಹಿಡಿದ ಮೇಲೆ ಅಮ್ಮ ಒಪ್ಪಿದಳು.

ಹೀಗೆ ನಾನು ಅಮ್ಮನ ಪಾದ ಹಿಡಿದು ಕೂತೆ. ಅದುವರೆಗೆ ಹಬ್ಬಗಳಲ್ಲಿ ಮುಟ್ಟಿ ನಮಸ್ಕರಿಸಿದ್ದಷ್ಟೇ. ಹಿಮ್ಮಡಿ ಒರಟು, ಹೆಬ್ಬೆರಳ ಪಕ್ಕದ ಬೆರಳಿನಲ್ಲಿ ಸವೆದ ಕಾಲುಂಗುರ. ಆಂಟಿ ದೂರದ ಕುರ್ಚಿಯಲ್ಲಿ ಕೂತು ತಮ್ಮದೇ ಕಾಲಿನ ಮೇಲೆ ಮಾಡಿ ತೋರಿಸುವರು, ನಾನು ನೋಡಿ ಮಾಡುವೆ. ಕೆಲವೇ ದಿನಗಳಲ್ಲಿ ಅವರಿಬ್ಬರಿಗೆ ನನ್ನ ಅನುವಾದ ಬೇಡವಾಯಿತು. ಆಂಟಿ "ಸಾಕಿತ್?" ಎನ್ನುವರು. ಮಲಯ್‌ನಲ್ಲಿ ನೋವಾ ಎಂದರ್ಥ. ಅಮ್ಮ "ಸ್ವಲ್ಪ, ಸ್ವಲ್ಪ" ಎಂದು ಬೆರಳಲ್ಲಿ ಅಳತೆ ತೋರಿಸುವಳು.

ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಮಗು ಹುಟ್ಟಿತು. ಹೆಣ್ಣು, ಆರೋಗ್ಯವಾಗಿತ್ತು. ಭಾವ ಫೋನಿನಲ್ಲಿ ನೋಡಿದರು. ಮನೆಗೆ ಕರೆತಂದು, ಕೆಲವು ದಿನ ಬಿಟ್ಟು ಹೊಕ್ಕುಳ ಒಣಗಿದ ಮೇಲೆ ಅಮ್ಮ ಬಚ್ಚಲಲ್ಲಿ ನೀರು ಕಾಯಿಸಿಟ್ಟಳು. ಅಷ್ಟರಲ್ಲಿ ಕುಂಟು ಹೋಗಿತ್ತು. ಮೆಟ್ಟಿಲು ಹತ್ತುತ್ತಿದ್ದಳು.

ಆಂಟಿ ಗೋಡೆಯಾಚೆಯಿಂದ ವಿಷಯ ಕೇಳಿ, "ಬಾಣಂತಿಗೂ ತಲೆಸ್ನಾನವಾ? ನಮ್ಮಲ್ಲಿ ಒಂದು ತಿಂಗಳು ತಲೆಗೆ ನೀರೇ ತಾಗಿಸಲ್ಲ" ಎಂದು ತಲೆ ಹಿಡಿದುಕೊಂಡರು.

"ಒಂದು ತಿಂಗಳಾ?" ಎಂದಳು ಅಮ್ಮ. "ಗಬ್ಬು ನಾರಲ್ವಾ, ಕೇಳು." ನಾನು ಅದನ್ನು ಅನುವಾದಿಸಲಿಲ್ಲ.

ಬಚ್ಚಲಲ್ಲಿ ಅಮ್ಮ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಇಳಿದಳು. ಕಾಲು ನೀಡಿದಳು. ಅಕ್ಕ ಮಗುವನ್ನು ಮಲಗಿಸಿದಳು. ಹಗುರವಾದ ಮಗು. ಆದರೆ ಅದು ಉರುಳದಂತೆ ಪಾದಗಳನ್ನು ಒಳಕ್ಕೆ ಕೂಡಿಸಿ ಹಿಡಿಯಬೇಕು, ಬಲಗಾಲು ಹಾಗೆ ತಿರುಗಲೊಲ್ಲದು. ಇನ್ನೊಮ್ಮೆ ಪ್ರಯತ್ನಿಸಿದಳು. ಹರಡು ನಡುಗುವುದು ನನಗೆ ಕಂಡಿತು.

"ಎತ್ಕೊ" ಎಂದಳು ಅಕ್ಕನಿಗೆ. "ಜಾರಿಸಿಬಿಡ್ತೀನಿ."

ಅಕ್ಕ ಪ್ಲಾಸ್ಟಿಕ್ ಟಬ್ ತರಲು ಹೊರಟಳು. ಅಮ್ಮ ತನ್ನ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪ್ಯಾಂಟು ಮಡಚು" ಎಂದಳು.

"ನಾನಾ? ನನಗೆ ಬರಲ್ಲ ಅಮ್ಮ."

"ನೀನೇನೂ ಮಾಡಬೇಕಾಗಿಲ್ಲ. ಕಾಲು ಮಾತ್ರ ಕೊಡು. ಕೈ ನಂದು."

ಅವಳನ್ನು ಎಬ್ಬಿಸಿ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದೆವು. ನಾನು ನೆಲದಲ್ಲಿ ಗೋಡೆಗೊರಗಿ ಕಾಲು ನೀಡಿದೆ. ಅಮ್ಮ ನನ್ನ ಪಾದಗಳನ್ನು ಹಿಡಿದು, ತನಗೆ ಬೇಕಾದಂತೆ ಒಳಕ್ಕೆ ತಿರುಗಿಸಿ ಕೂಡಿಸಿದಳು. ಮಗು ಬಂತು. ಎಣ್ಣೆಯ ಮೈ ನನ್ನ ಚರ್ಮಕ್ಕೆ ತಾಗಿದಾಗ ಜುಂ ಅಂದಿತು. ಅಮ್ಮ ಸ್ಟೂಲಿನಿಂದ ಬಗ್ಗಿ ಎದೆ, ತೋಳು, ತೊಡೆ ಎಂದು ತೀಡುತ್ತ ಹೋದಳು. ಮಗು ಕೆಂಪಾಗಿ ಅರಚುತ್ತಿತ್ತು.

"ಕಾಲು ಅಲ್ಲಾಡಿಸ್ಬೇಡ."

"ಜೋಮು ಹಿಡೀತಿದೆ."

"ಹಿಡೀಲಿ ಬಿಡು. ನಂಗೆ ನಿಮ್ಮಿಬ್ಬರನ್ನ ಎರೆಯೋವಾಗ ದಿನಾ ಹಿಡೀತಿತ್ತು."

ಬಿಸಿನೀರು ಮಗುವಿನ ಬೆನ್ನಿನಿಂದ ಇಳಿದು ನನ್ನ ಕಾಲುಗಳ ನಡುವೆ ಹರಿಯಿತು. ಅಮ್ಮ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಹನಿ ಬೀಳದಂತೆ ತಲೆಗೆ ಎರೆದಳು. ಮಗುವಿನ ಅಳು ಸಣ್ಣಗಾಗುತ್ತ ಬಂತು. ಅಕ್ಕ ಪಂಚೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಇನ್ನೊಂದು ಚೊಂಬು ನೀರು ಮೊಗೆದು, ಬಿಸಿ ನೋಡಲು ಮೊದಲು ನನ್ನ ಮೊಣಕಾಲಿಗೆ ಸುರಿದಳು.