ಕಾಕಾನ ಕಂಪ್ಯೂಟರ್ ಹೊಲ

ನಮ್ಮ ಕಾಕಾನಿಗೆ ಎರಡು ಹೊಲ. ಒಂದು ತಿರ್ಲಾಪುರದ ಊರಾಚೆಗಿರುವ ಎಂಟೆಕರೆ ಎರೆಭೂಮಿ. ಇನ್ನೊಂದು ನನ್ನ ಕೋಣೆಯ ಹಳೇ ಕಂಪ್ಯೂಟರಿನೊಳಗೆ. ಎರಡನೆಯದನ್ನು ಮಾಡಿಕೊಟ್ಟವಳು ನಾನು. ದಿನಾ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸಿ ಬರುವ ನನಗೆ ಕಂಪ್ಯೂಟರ್ ಆಟದ ಹುಚ್ಚಿದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಕ್ಕಿಲ್ಲ. ನಾನೂ ಹೇಳಲು ಹೋಗಿಲ್ಲ.

ಅದು ಒಕ್ಕಲುತನದ ಆಟ. ಕೊಂಡಾಗ ಅದರಲ್ಲಿದ್ದದ್ದು ಯಾವುದೋ ತಂಪು ದೇಶದ ಹಸಿರು ದಿನ್ನೆಗಳು, ಮನೆಯಷ್ಟೆತ್ತರದ ಟ್ರ್ಯಾಕ್ಟರು, ಕುದುರೆ ಲಾಯ. ಆದರೆ ಇಂಥ ಆಟಗಳಿಗೆ ‘ಮಾಡ್’ ಎಂಬ ಚಿಕ್ಕ ಚಿಕ್ಕ ತುಂಡುಗಳಿರುತ್ತವೆ. ಆಡುವವರೇ ಮಾಡಿ ಜಗತ್ತಿಗೆಲ್ಲ ಹಂಚುತ್ತಾರೆ. ಒಂದನ್ನು ಹಾಕಿದರೆ ಟ್ರ್ಯಾಕ್ಟರ್ ಬದಲಾಗುತ್ತದೆ, ಇನ್ನೊಂದನ್ನು ಹಾಕಿದರೆ ಮಣ್ಣಿನ ಬಣ್ಣ. ನಾಲ್ಕು ವರ್ಷ ನಾನು ಸಿಕ್ಕಿದ್ದನ್ನೆಲ್ಲ ಹಾಕುತ್ತ, ಸಿಗದೆ ಇದ್ದದ್ದನ್ನು ನಾನೇ ಮಾಡುತ್ತ ಹೋದೆ. ಎರೆಮಣ್ಣು ಬಂತು, ಹೆಸರುಕಾಳಿನ ಬೆಳೆ ಬಂತು, ಹತ್ತಿ ಬಂತು, ಬಿತ್ತುವ ಕೂರಿಗೆ ಬಂತು, ಬಿಳಿ ಎತ್ತಿನ ಜೋಡಿ ಬಂತು, ಕೃಷಿ ಹೊಂಡ ಬಂತು. ಹೀಗೆ ಒಟ್ಟು ಅರವತ್ಮೂರು ಮಾಡ್ ಆದವು. ಆ ಹೊತ್ತಿಗೆ ತಂಪು ದೇಶದ್ದು ಅಂತ ಉಳಿದಿದ್ದದ್ದು ಆಟದ ಹೆಸರೊಂದೇ.

ಕಾಕಾ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಪ್ರತಿಯೊಂದಕ್ಕೂ ತಪ್ಪು ತೆಗೆದ. ಎರೆಮಣ್ಣು ಬೂದಿಯ ಹಾಗೆ ಕಾಣುತ್ತದೆ ಎಂದ. ಎತ್ತಿನ ಕೊಂಬು ನೋಡಿ ನಕ್ಕ. ಬದುವಿನ ಎತ್ತರ ಸಾಲದು ಎಂದು ಎರಡು ಸಲ ಕೆಡವಿಸಿ ಕಟ್ಟಿಸಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಅವನು ಹೇಳಿದಂತೆಯೇ ತಿದ್ದಿದೆ, ಯಾಕೆಂದರೆ ಅವನು ಹೇಳಿದ್ದು ಸರಿಯೇ ಇರುತ್ತಿತ್ತು. ಅವನು ತಪ್ಪು ತೆಗೆಯದೆ ಬಿಟ್ಟದ್ದು ಒಂದೇ ಒಂದು, ಬೇವಿನ ಮರ.

ನಮ್ಮ ಹೊಲದ ಬದುವಿನ ಮೇಲೆ ಒಂದು ಭಾರೀ ಬೇವಿನ ಮರವಿತ್ತು. ಚಿಕ್ಕವಳಿದ್ದಾಗ ಕಾಕಾನ ಹೆಂಡತಿ ಚಿಗವ್ವನ ಬುತ್ತಿಯ ಗಂಟಿನ ಹಿಂದೆ ಓಡುತ್ತ ಹೋಗಿ ಅದರ ನೆರಳಲ್ಲಿ ರೊಟ್ಟಿ ತಿಂದವಳು ನಾನು. ಒಂದು ವರ್ಷ ಬಿರುಗಾಳಿಗೆ ಅದು ಬುಡಸಮೇತ ಬಿತ್ತು. ಆಟದೊಳಗೆ ಅದನ್ನು ಮತ್ತೆ ನಿಲ್ಲಿಸಬೇಕೆಂದು ಒಂದು ಇಡೀ ಬೇಸಿಗೆ ರಜೆ ಕೂತು, ಎಲೆ ಎಲೆ ಬಿಡಿಸಿ, ಕಾಂಡದ ಗಂಟನ್ನೂ ಬಿಡದೆ ಮಾಡಿದೆ. ತೋರಿಸಿದ ದಿನ ಕಾಕಾ ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು, ಮತ್ತೆ ಹಾಕಿಕೊಂಡು ನೋಡಿ, ಚಲೋ ಆಗೈತಿ ಎಂದ. ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹೋದ ಬೇಸಿಗೆಯಲ್ಲಿ ಕಾಕಾನ ಮೊಣಕಾಲಿನ ಆಪರೇಶನ್ ಆಯಿತು. ಹುಬ್ಬಳ್ಳಿಯ ಡಾಕ್ಟರು ಮನೆಯೊಳಗೆ ಕೋಲು ಹಿಡಿದು ಓಡಾಡಲು ಹೇಳಿದರು, ಆದರೆ ಮೂರು ತಿಂಗಳು ಹೊಲದ ಮಣ್ಣು ಮಾತ್ರ ತುಳಿಯಬಾರದು ಎಂದರು. ಎರೆಭೂಮಿ ಹಸಿಯಾದರೆ ಹೇಗಿರುತ್ತದೆ ಎಂದು ಕಂಡವರಿಗೆ ಗೊತ್ತು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದೊಂದು ಪಾದಕ್ಕೆ ಎರಡೆರಡು ಕಿಲೋ ಕೆಸರು ಹತ್ತುತ್ತದೆ, ಕಾಲು ಕಿತ್ತು ಇಡುವಾಗ ಗಟ್ಟಿಮುಟ್ಟಾದವರೂ ಹೊರಳುತ್ತಾರೆ. ಹೊಲದ ಕೆಲಸವನ್ನೆಲ್ಲ ಟ್ರ್ಯಾಕ್ಟರಿನವನಿಗೆ ಒಪ್ಪಿಸಿ ಆಗಿತ್ತು. ಆದರೂ ಕಾಕಾ ಸುಮ್ಮನಿರುವ ಆಸಾಮಿಯಲ್ಲ ಎಂದು ಚಿಗವ್ವ ಅವನ ಚಪ್ಪಲಿಗಳನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳು. ನನ್ನನ್ನು ಕರೆದು, ಈ ಮೂರು ತಿಂಗಳು ಮುಗಿಯುವವರೆಗೆ ಅವನನ್ನು ನಿನ್ನ ಆಟದ ಮುಂದೆ ಕೂರಿಸು, ಅದು ನಿಂತ ದಿನ ಅವನು ಹೊಲಕ್ಕೆ ಹೋದನೆಂದೇ ತಿಳಿ ಎಂದಳು. ಕಾಕಾ ಒಂದೇ ವಾರದಲ್ಲಿ ಕೀಲಿಮಣೆ ಕಲಿತ.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ನಾನು ಸುಮ್ಮನಿರಬೇಕೋ ಬೇಡವೋ? ಹಳೇ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದು ನನ್ನ ಮುದಿ ಯಂತ್ರಕ್ಕೆ ಒಗ್ಗುವುದಿಲ್ಲ ಎಂದು ತಿಳಿದದ್ದೇ ನನ್ನ ಕೈ ತುರಿಸಿತು. ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಬಿಟ್ಟೆ. ಹೊಲದ ಕಡತ, ಅರವತ್ಮೂರು ಮಾಡ್ ಎಲ್ಲ ಪೆನ್‌ಡ್ರೈವ್‌ನಲ್ಲಿ ಭದ್ರವಾಗಿದ್ದವು. ವಿಂಡೋಸನ್ನು ಅಗದಿ ಸ್ವಚ್ಛ ಅಳಿಸಿದೆ. ಒಂದು ದಿನ ತಡೆದು ಅಳಿಸಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಈಗ ಅನಿಸುತ್ತದೆ.

ವಿಂಡೋಸ್‌ಗೆಂದು ಬರೆದ ಆಟದ ಮಾತನ್ನು ಲಿನಕ್ಸ್‌ಗೆ ತಿಳಿಸಿ ಹೇಳುವ ದುಭಾಷಿಯಂಥ ಒಂದು ಏರ್ಪಾಡಿದೆ. ಅದನ್ನು ಹಾಕಿದೆ, ಆಟ ತೆರೆಯಿತು. ಕಾಕಾನನ್ನು ಕರೆದು ಕೂರಿಸಿದೆ. ಪರದೆಯ ಮೇಲೆ ಹಸಿರು ದಿನ್ನೆ, ಕುದುರೆ ಲಾಯ. ಕಾಕಾ ನನ್ನ ಮುಖ ನೋಡಿದ.

“ಇದ್ಯಾರ ಹೊಲ ಯವ್ವಾ?”

ಲಿನಕ್ಸ್‌ನಲ್ಲಿ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟ ಫೋಲ್ಡರುಗಳಿರುತ್ತವೆ. ಮಾಡ್‌ಗಳು ಅಂಥದೊಂದರ ಹೊಟ್ಟೆಯೊಳಗೆ ಇರಬೇಕು, ನಾನು ಎದುರಿಗೆ ಕಂಡದ್ದರಲ್ಲಿ ಸುರಿದಿದ್ದೆ. ಒಂದು ಗಂಟೆ ಹುಡುಕಿ ಸರಿಯಾದ ಜಾಗಕ್ಕೆ ಹಾಕಿದೆ. ಈಗ ಆಟ ತೆರೆಯುತ್ತ ತೆರೆಯುತ್ತ, ಇನ್ನೇನು ಹೊಲ ಕಂಡಿತು ಎನ್ನುವಾಗ ಠಪ್ ಎಂದು ಮುಚ್ಚಿಕೊಂಡಿತು. ತಪ್ಪೇನೆಂದು ಒಂದು ಮಾತು ಹೇಳಲಿಲ್ಲ. ಮತ್ತೆ ತೆರೆದೆ, ಮತ್ತೆ ಠಪ್. ಐದನೆಯ ಸಲಕ್ಕೆ ನಾನು ಲಿನಕ್ಸ್ ಮಾಡಿದವರ ಮನೆತನವನ್ನೆಲ್ಲ ಬೈಯತೊಡಗಿದೆ. ಕಾಕಾ ಕೋಲು ಊರಿಕೊಂಡು ಎದ್ದು ಹೋದ.

ಶಾಲೆ ಶುರುವಾಗಲು ಎಂಟು ದಿನ ಉಳಿದಿದ್ದವು. ರೋಹಿಣಿ ಮಳೆಯ ಮೋಡ ಆಗಲೇ ಮೂಡಿತ್ತು. ಆಟದವರ ವೇದಿಕೆಯಲ್ಲಿ ಕೇಳಿದರೆ ಯಾರೋ ಪುಣ್ಯಾತ್ಮರು, ಮಾಡ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ ಎಂದರು. ನನ್ನ ಯಂತ್ರದಲ್ಲಿ ಆಟ ಒಮ್ಮೆ ತೆರೆಯಲು ಹನ್ನೊಂದು ನಿಮಿಷ. ಅರವತ್ಮೂರು ಸಲ ತೆರೆಯುವಷ್ಟರಲ್ಲಿ ನನ್ನ ತಲೆ ಕೆಡುತ್ತಿತ್ತು. ಮೊದಲು ನನಗೆ ಅನುಮಾನ ಬಂದದ್ದು ಎತ್ತುಗಳ ಮೇಲೆ, ಯಾಕೆಂದರೆ ಅವು ಯಾರೋ ಮಾಡಿದವು. ತೆಗೆದೆ. ಆಗಲೂ ಠಪ್. ಎತ್ತುಗಳನ್ನು ತೆಗೆದದ್ದು ಗೊತ್ತಾಗಿ ಕಾಕಾ ಮಧ್ಯಾಹ್ನದ ಊಟಕ್ಕೆ ನನ್ನ ಜೊತೆ ಮಾತಾಡಲಿಲ್ಲ.

ಸಂಜೆ ತಾನೇ ಬಂದು ಕೂತ. ಕೃಷಿ ಹೊಂಡದಿಂದ ಹೊಲಕ್ಕೆ ಎಳೆದ ಪೈಪಿನಲ್ಲಿ ನೀರು ಸೋರಿದರೆ ತಾನು ಇಡೀ ಪೈಪು ಅಗೆಯುವುದಿಲ್ಲ, ನಟ್ಟನಡುವಿನ ವಾಲ್ವ್ ಬಂದ್ ಮಾಡುತ್ತೇನೆ ಎಂದ. ಈಚೆ ಸೋರಿದರೆ ಈಚೆ, ಇಲ್ಲದಿದ್ದರೆ ಆಚೆ. ಆಮೇಲೆ ಆ ಅರ್ಧದಲ್ಲಿ ಅರ್ಧ. ನಾಲ್ಕೈದು ಸಲಕ್ಕೆ ತೂತು ಸಿಕ್ಕೇ ಸಿಗುತ್ತದೆ. ನಾನು ಮೇಷ್ಟರಗಿತ್ತಿ, ಪಾಠದಲ್ಲಿ ಇಂಥದನ್ನೇ ಹೇಳುವವಳು. ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹಾಳೆಯ ಮೇಲೆ ಪಟ್ಟಿ ಬರೆದೆ. ಮಾಡ್‌ಗಳನ್ನು ಎರಡು ಪಾಲು ಮಾಡುವಾಗ ಕಾಕಾ ಒಂದು ಷರತ್ತು ಹಾಕಿದ. ಬೇಕಾದ್ದು ತೆಗಿ, ಗಿಡಾ ಮಾತ್ರ ಮುಟ್ಟಬ್ಯಾಡ ಎಂದ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. ಎತ್ತುಗಳನ್ನು ವಾಪಸು ಸೇರಿಸಿ, ಬೇವಿನ ಮರವನ್ನು ಬದಿಗಿಟ್ಟು ಉಳಿದ ಅರವತ್ತೆರಡನ್ನು ಮೂವತ್ತೊಂದು ಮೂವತ್ತೊಂದು ಮಾಡಿದೆ. ಮರ ಎರಡೂ ಪಾಲಿನಲ್ಲಿ ಇತ್ತು. ಮೊದಲ ಪಾಲು ಹಾಕಿದೆ, ಠಪ್. ಹಾಗಾದರೆ ಕಳ್ಳ ಇದರಲ್ಲೇ ಇದ್ದಾನೆ ಎಂದು ಖುಷಿಯಿಂದ ಅದರಲ್ಲಿ ಅರ್ಧ, ಅರ್ಧದಲ್ಲಿ ಅರ್ಧ ತೆಗೆಯುತ್ತ ಹೋದೆ. ಪ್ರತಿ ಸಲವೂ ಠಪ್. ನಡುರಾತ್ರಿಯವರೆಗೆ ಹೀಗೇ ನಡೆಯಿತು. ಕೊನೆಗೆ ಸಂಶಯ ಬಂದು ಎರಡನೇ ಪಾಲು ಹಾಕಿ ನೋಡಿದರೆ ಅದೂ ಠಪ್.

ಆ ಬೆಳಗಿನ ಜಾವ ದಬದಬನೆ ಮಳೆಯಾಗಿತ್ತು. ಓಣಿಯಲ್ಲಿ ಟ್ರ್ಯಾಕ್ಟರುಗಳ ಸದ್ದು ಶುರುವಾಗಿತ್ತು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಹೊರಗೆ ಕಾಕಾ ಚಿಗವ್ವನ ಹತ್ತಿರ ಚಪ್ಪಲಿ ಕೇಳುತ್ತಿದ್ದದ್ದು ಕೇಳಿಸಿತು. ಹೆಸರು ಬಿತ್ತಲು ಹದ ಬಂದಿದೆಯೋ ಇಲ್ಲವೋ ಮುಷ್ಟಿಯಲ್ಲಿ ಮಣ್ಣು ಹಿಡಿದು ನೋಡಿಯೇ ತೀರಬೇಕು ಎಂಬುದು ಅವನ ಹಟ. ಚಪ್ಪಲಿ ಎಲ್ಲಿವೆಯೋ ತನಗೆ ಗೊತ್ತಿಲ್ಲ ಎಂದು ಚಿಗವ್ವ ಸಾಧಿಸಿದಳು. ಹಾಗಿದ್ದರೆ ಬರಿಗಾಲಲ್ಲೇ ಹೋಗುತ್ತೇನೆ ಎಂದು ಅವನು ಕೋಲು ಊರಿಕೊಂಡು ಕಟ್ಟೆಯ ಮೆಟ್ಟಿಲಿಗೆ ಬಂದ. ಚಿಗವ್ವ ಬಾಗಿಲಲ್ಲಿ ನಿಂತು ಅಳತೊಡಗಿದಳು. ಆ ಮೊಣಕಾಲು ಈಗ ಹೊರಳಿದರೆ ತಪ್ಪು ನನ್ನದು, ಚೆನ್ನಾಗಿ ನಡೆಯುತ್ತಿದ್ದದ್ದನ್ನು ಕೆಡಿಸಿದವಳು ನಾನೇ. ಓಡಿ ಹೋಗಿ ಸಿಟ್ಟಿನಲ್ಲೇ ಹೇಳಿದೆ.

“ಕಾಕಾ, ಎರಡೂ ಕಡೆ ಸೋರಾಕತ್ತೈತಿ. ನೀ ಹ್ವಾದ್ರ ನಾ ಯಾರನ್ನ ಕೇಳ್ಲಿ?”

ಅವನ ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲಿತ್ತು. ಎರಡೂ ಕಡೆ ಹೇಗೆ ಸೋರುತ್ತದೆ ಎಂದು ಕೇಳಿದ. ಹಾಳೆ ತೋರಿಸಿದೆ. ಮೆಟ್ಟಿಲಲ್ಲೇ ನಿಂತು, ಓಣಿಯ ಟ್ರ್ಯಾಕ್ಟರನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡಿದ. ಆಮೇಲೆ ಕಾಲು ಮೇಲೆ ತೆಗೆದುಕೊಂಡ.

“ಎರಡೂ ಕಡೆ ಸೋರತೈತಿ ಅಂದ್ರ ಪೈಪಿಂದು ತಪ್ಪಲ್ಲ, ನಡುವಿನ ವಾಲಿಂದ. ಎರಡಕ್ಕೂ ಸೇರಿದ್ದು ಏನೈತಿ?”

ಇಬ್ಬರಿಗೂ ಗೊತ್ತಿತ್ತು. ಒಳಗೆ ಹೋಗಿ ನಾನು ಉಳಿದ ಮಾಡ್‌ಗಳನ್ನೆಲ್ಲ ಹಾಕಿ ಬೇವಿನ ಮರವೊಂದನ್ನು ತೆಗೆದೆ. ಹನ್ನೊಂದು ನಿಮಿಷ ಇಬ್ಬರೂ ಪರದೆ ನೋಡುತ್ತ ಕೂತೆವು. ಹೊಲ ತೆರೆಯಿತು. ಎರೆಮಣ್ಣು, ಹೊಂಡ, ಬದು, ಬಿಳಿ ಎತ್ತು, ಎಲ್ಲ ಇದ್ದವು. ಚಿಗವ್ವ ಕಣ್ಣೊರೆಸಿಕೊಂಡು ಬಂದು ನೋಡಿ, ಬಿತ್ತ್ರಿ ಇನ್ನ ಎಂದು ಕಾಕಾನ ಮುಂದೆ ಚಹಾ ಇಟ್ಟಳು. ಹದ ನೋಡಲು ಹೊಲಕ್ಕೆ ಅವಳೇ ಹೋದಳು. ಒಂದು ಮುಷ್ಟಿ ಮಣ್ಣನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದು ಕಾಕಾನ ಅಂಗೈಗೆ ಹಾಕಿದಳು. ಇನ್ನೊಂದು ದಿನ ತಡೀಲಿ ಎಂದು ಅವನು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿಸಿದ.

ಲಿನಕ್ಸ್‌ಗೆ ನಾನು ಕ್ಷಮೆ ಕೇಳಬೇಕು. ಒಂದೊಂದು ಎಲೆಗೂ ಭಾರೀ ಚಿತ್ರ ತುರುಕಿ ಮರ ಮಾಡಿದ ದಡ್ಡತನ ನನ್ನದು. ಹಳೆಯ ವ್ಯವಸ್ಥೆ ಅದನ್ನು ಹೇಗೋ ಸಹಿಸಿಕೊಂಡಿತ್ತು, ಹೊಸದು ಸಹಿಸಲಿಲ್ಲ, ಅಷ್ಟೇ. ಎರಡು ದಿನ ಕೂತು ಹಗುರಾದ ಬೇರೊಂದು ಮರ ಮಾಡಿದೆ. ಪಡುವಣ ಬದುವಿನ ಮೇಲೆ ಮೊದಲಿನ ಜಾಗದಲ್ಲಿ ನಿಲ್ಲಿಸಲು ಹೋದಾಗ ಕಾಕಾ ನನ್ನ ಕೈ ಹಿಡಿದ.

“ಹೆಂಗೂ ಹೊಸದಾಗಿ ಹಚ್ಚಾಕತ್ತಿ. ಮೂಡಲ ಬದುವಿಗೆ ಹಚ್ಚವಾ. ಅದು ಇದ್ದದ್ದ ಅಲ್ಲೆ.”

ನಾನು ಕೈ ಬಿಟ್ಟು ಕೂತೆ. ಚಿಗವ್ವನ ಹಿಂದೆ ಓಡುತ್ತಿದ್ದ ಹುಡುಗಿಗೆ ರೊಟ್ಟಿ ನೆನಪಿತ್ತು, ನೆರಳು ನೆನಪಿತ್ತು, ದಿಕ್ಕು ನೆನಪಿರಲಿಲ್ಲ. ಬದುವಿನ ಎತ್ತರಕ್ಕೆ ಎರಡು ಸಲ ಜಗಳವಾಡಿದ ಮನುಷ್ಯ ಇಷ್ಟು ದೊಡ್ಡ ತಪ್ಪನ್ನು ದಿನಾ ನೋಡುತ್ತ ಕೂತಿದ್ದನಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಅವನು ಪರದೆಯ ಕಡೆಯೇ ನೋಡುತ್ತಿದ್ದ.

“ಅವತ್ತ ಗಿಡಾ ತೋರಸೂ ಮುಂದ ನಿನ್ನ ಮಾರಿ ನೋಡಿದ್ದೆ. ಹೆಂಗ ಹೇಳ್ಲಿ?”

ಅವತ್ತು ನನ್ನ ಮುಖ ಎಷ್ಟು ಹಿಗ್ಗಿರಬೇಕೆಂದು ನೆನೆದು ಅಳು ಬಂತು, ನಗುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲಿಲ್ಲ. ಮೂಡಣ ಬದುವಿಗೆ ಮರ ನಿಲ್ಲಿಸಿದೆ. ಕಾಕಾ ಎತ್ತಿನ ಜೋಡಿಯನ್ನು ಅದರ ಕೆಳಗೆ ತಂದು ಬಿಟ್ಟು, ಕುರ್ಚಿಗೆ ಒರಗಿ, ಚಿಗವ್ವನಿಗೆ ಮಜ್ಜಿಗೆ ಕೇಳಿದ. ಹೊರಗೆ ಓಣಿಯಲ್ಲಿ ಬಾಡಿಗೆಯ ಟ್ರ್ಯಾಕ್ಟರು ಕೂರಿಗೆ ಕಟ್ಟಿಕೊಂಡು ನಮ್ಮ ಹೊಲಕ್ಕೆ ಹೊರಟಿತ್ತು. ಆವತ್ತು ಅವನು ಚಪ್ಪಲಿ ಕೇಳಲಿಲ್ಲ.