ಹೋಗಿ ನೋಡಿ ಬರುತ್ತಿದ್ದ ದಾದಾಪೀರಣ್ಣ

ಮೊಬೈಲಿನಲ್ಲಿ ಯಾರಾದರೂ ಗಲಾಟೆಯ ವಿಡಿಯೊ ತೋರಿಸಿದರೆ ದಾದಾಪೀರಣ್ಣ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಯಾವೂರಾಗ ಆಗೈತೆ? ಊರ ಹೆಸರು ಹೇಳಪ್ಪಾ, ಹೋಗಿ ನೋಡ್ಕಂಡು ಬರ್ತೀನಿ." ಬಾಯಿಮಾತಿಗೆ ಹೇಳುವ ಆಸಾಮಿಯಲ್ಲ. ನಿಜವಾಗಿಯೂ ಹೋಗುತ್ತಿದ್ದ.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆಯ ಮಿಲ್ಲು. ಅವನು ಮೊಳಕಾಲ್ಮೂರಿನಿಂದ ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ನಮ್ಮ ಮಿಷಿನ್ನುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕು. ಮನೆಯಲ್ಲಿ ಉರ್ದು, ಮಿಲ್ಲಿನಲ್ಲಿ ಕನ್ನಡ, ಗಡಿಯಾಚೆಯ ಗಿರಾಕಿಗಳೊಂದಿಗೆ ತೆಲುಗು. ಬೈಗುಳ ಮಾತ್ರ ಮೂರರಲ್ಲೂ. ಸ್ಪ್ಯಾನರ್ ಮುಟ್ಟಗೊಡದಿದ್ದರೂ ನನಗೆ ಮಿಷಿನ್ನಿನ ಸದ್ದು ಕೇಳಿಸಿಕೊಳ್ಳುವುದನ್ನು ಕಲಿಸಿದವನು ಅವನೇ.

ಒಮ್ಮೆ ನಮ್ಮ ವರ್ತಕರ ವಾಟ್ಸಾಪ್ ಗುಂಪಿನಲ್ಲಿ, ರಾಂಪುರದಲ್ಲಿ ಸಾಬರು ಮೇವಿನ ಬಣವೆಗೆ ಬೆಂಕಿ ಇಟ್ಟರೆಂದು ಒಂದು ವಿಡಿಯೊ ಬಂತು. "ನಡಿ ತಮ್ಮಾ, ಬೈಕ್ ತೆಗಿ," ಎಂದ. ರಾಂಪುರದ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ವಿಡಿಯೊ ನೋಡಿ ನಕ್ಕುಬಿಟ್ಟ. "ನಮ್ಮೂರಾಗ ಬೆಂಕಿ ಬಿದ್ದೈತಾ? ನಮಗೇ ಗೊತ್ತಿಲ್ವಲ್ಲಪ್ಪಾ!" ದಾದಾಪೀರಣ್ಣ ಅಲ್ಲೇ ನಿಂತು ನನ್ನ ಫೋನಿನಿಂದ ಗುಂಪಿಗೆ ದನಿ ಸಂದೇಶ ಕಳಿಸಿದ: "ನಾನು ರಾಂಪುರದಿಂದ ಮಾತಾಡ್ತೀನಿ. ಬಣವಿ ಬಣವಿಯಾಗೇ ಐತೆ."

ಯಾರೋ ನಗುವ ಮುಖವೊಂದನ್ನು ಹಾಕಿದರು, ಅಷ್ಟೇ. ಮುಂದಿನ ವಾರ ಅವನು ಬರುವ ಹೊತ್ತಿಗೆ ಅದೇ ಬಣವೆ ಆಂಧ್ರದ ಒಂದು ಊರಿನ ಹೆಸರಿನಲ್ಲಿ ಉರಿಯಿತು. "ಸುಳ್ಳಿಗೆ ಬಸ್ ಚಾರ್ಜಿಲ್ಲ ತಮ್ಮಾ. ನಿಜಕ್ಕೆ ನಾನೇ ಟಿಕೆಟ್ ತಗಸ್ಬೇಕು," ಎಂದು ಅವನೂ ನಕ್ಕ.

ತನ್ನವರನ್ನೂ ಬಿಡುತ್ತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಅಕ್ಕನ ಮಗ, ಎಲ್ಲಿಯವನೋ ಭಾಷಣಕಾರನೊಬ್ಬ ಸೇಡು ತೀರಿಸಿಕೊಳ್ಳಿರೆಂದು ಕೂಗುವುದನ್ನು ದಿನವಿಡೀ ಮೊಬೈಲಿನಲ್ಲಿ ನೋಡುತ್ತ ಕೂರುತ್ತಿದ್ದನಂತೆ. ಇವನು ಹೋಗಿ ಪಕ್ಕದಲ್ಲಿ ಕೂತು ಕೇಳಿದನಂತೆ: "ಲೇ, ಇಷ್ಟು ದಿನದಾಗ ನೀನು ಉಂಡ್ಯಾ ಅಂತ ಒಂದ್ಸಲನಾರ ಕೇಳ್ಯಾನೇನಲೇ ಇವನು?" ಆ ಹುಡುಗ ಮಾಮನ ಜೊತೆ ಮಾತು ಬಿಟ್ಟ. ವಿಡಿಯೊ ಬಿಡಲಿಲ್ಲ.

ಇಂಥವನ ಬದುಕಿಗೆ ಕಲ್ಲು ಹಾಕಿದವನು ನಾನು. ಬೇಕೆಂದು ಅಲ್ಲ, ಅಭಿಮಾನದಿಂದ.

ಎಣ್ಣೆ ಹರಿಯುವ ಕೊಳವೆಯಲ್ಲಿ ಗಸಿ ಕಟ್ಟಿಕೊಂಡರೆ ಅವನು ಅದನ್ನು ಬಿಚ್ಚಿ, ಒಂದು ತುದಿಗೆ ಬಾಯಿಟ್ಟು ಊದಿ, ಇನ್ನೊಂದು ತುದಿಗೆ ಅಂಗೈ ಹಿಡಿದು ಗಾಳಿ ನೋಡುತ್ತಿದ್ದ. ಆಮೇಲೆ ಕುದಿನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿಯೇ ಜೋಡಿಸುವುದು. ಅಪ್ಪನ ಕಾಲದಿಂದಲೂ ನಡೆದುಬಂದ ರೀತಿ. ನಾನು ಅದನ್ನೆಲ್ಲ ಚಿತ್ರೀಕರಿಸಿ 'ನಮ್ಮ ದಾದಾಪೀರಣ್ಣನ ಕೈಚಳಕ' ಎಂದು ಸ್ಟೇಟಸ್ಸಿಗೆ ಹಾಕಿದೆ. ಯಾವ ಪುಣ್ಯಾತ್ಮನೋ ತೊಳೆಯುವುದನ್ನು ಕತ್ತರಿಸಿ, ಊದುವುದನ್ನಷ್ಟೇ ಉಳಿಸಿ, 'ನೀವು ತಿನ್ನುವ ಎಣ್ಣೆಗೆ ಇವರು ಉಗುಳುತ್ತಾರೆ' ಎಂದು ಬರೆದು ಬಿಟ್ಟ. ಎರಡೇ ದಿನದಲ್ಲಿ ಅದು ಬಳ್ಳಾರಿಯ ನನ್ನ ಸೋದರತ್ತೆಯ ಫೋನಿನಿಂದ ನನಗೇ ಬಂತು.

ನಾನು ಪೂರ್ತಿ ವಿಡಿಯೊ ಹಾಕಿದೆ. ಉದ್ದವಾಯಿತೆಂದು ಯಾರೂ ನೋಡಲಿಲ್ಲ. ಅವನನ್ನು ಮೂವತ್ತು ವರ್ಷ ಕಣ್ಣಾರೆ ಕಂಡ ಅಂಗಡಿಯವರೇ ಫೋನು ಮಾಡಿ, "ಆ ಸಾಬ ಇನ್ನೂ ಬರ್ತಾನೇನ್ರಿ?" ಎಂದರು. ಹೋಗಿ ನೋಡಿ ಬರಲು ಒಬ್ಬರೂ ಮಿಲ್ಲಿಗೆ ಬರಲಿಲ್ಲ. ಕೊನೆಗೆ ಅಪ್ಪ ತಲೆ ತಗ್ಗಿಸಿಕೊಂಡು, "ಸ್ವಲ್ಪ ದಿನ ಬರಬ್ಯಾಡ ಅಂತ ಹೇಳಿ ಬಾ," ಎಂದರು. ನಾನು ಎದುರು ಮಾತಾಡಲಿಲ್ಲ. ಮಿಲ್ಲು ನನಗೂ ಬೇಕಿತ್ತು.

ಮೊಳಕಾಲ್ಮೂರಿಗೆ ಹೋದೆ. ಜಗುಲಿಯ ಮೇಲೆ ಸುಮ್ಮನೆ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದ.

"ನೀನು ಹೇಳಬ್ಯಾಡ ತಮ್ಮಾ. ದಾದಾಪೀರನೇ ಕೆಲಸ ಬಿಟ್ಟ ಅಂತ ಸಾವ್ಕಾರ್ರಿಗೆ ಹೇಳಿಬಿಡು."

"ಅಣ್ಣಾ, ತಪ್ಪು ನಂದು," ಎಂದೆ.

"ನಿಂದೇನೈತೆ? ಚಂದ ಕಾಣ್ತು, ತೆಗದೆ." ಒಳಗಿನ ಬಾಗಿಲ ಕಡೆ ನೋಡಿ ಕೇಳಿದ, "ನಮ್ಮನಿ ಚಾ ಕುಡೀತೀಯಾ? ಇಲ್ಲ, ಹೋಟ್ಲಿಂದ ತರಿಸ್ಲಾ?"

ಆ ಮನೆಯಲ್ಲಿ ನಾನು ಎಷ್ಟು ಸಲ ಚಾ ಕುಡಿದಿದ್ದೆನೋ ಲೆಕ್ಕವಿಲ್ಲ. ಅವನು ಹಾಗೆ ಕೇಳಿದ್ದು ಅದೇ ಮೊದಲು. ನಾಚಿಕೆಗೆ ಅಲ್ಲಿ ಇನ್ನೊಂದು ನಿಮಿಷ ಕೂರಲಾರದೆ, "ಬ್ಯಾಡಣ್ಣ, ಹೊತ್ತಾತು," ಎಂದು ಎದ್ದುಬಿಟ್ಟೆ. "ಆಗ್ಲಿ ಬಿಡು," ಎಂದ, ಮೆಲ್ಲಗೆ.

ನನ್ನ 'ಬ್ಯಾಡ' ಅವನಿಗೆ ಹೇಗೆ ಕೇಳಿಸಿರಬಹುದೆಂದು ಹೊಳೆದದ್ದು ಚಳ್ಳಕೆರೆಯ ಹತ್ತಿರ ಬಂದ ಮೇಲೆ. ಮರುದಿನ ಓಡಿಹೋದರೆ ಮನೆಗೆ ಬೀಗ. ಮಗಳ ಊರಿಗೆ ಹೋದರಂತೆ. ಯಾವ ಊರೆಂದು ಕೇಳಿದೆ. ಪಕ್ಕದ ಮನೆಯವರು ನನ್ನ ಮುಖ ನೋಡಿದರು, ಹೇಳಲಿಲ್ಲ.