ಬಾವಿಯ ತಳದ ಕೆಮ್ಮಣ್ಣು

ರಾಯಬಾಗದ ಹೈಸ್ಕೂಲಿನಾಗ ಒಂಬತ್ತನೇ ಕ್ಲಾಸಿಗೆ ಭೂಮಿಯ ಯುಗಗಳ ಪಾಠ ಹೇಳಾಕ ಹತ್ತಿ ಹದಿನೆಂಟು ವರ್ಷ ಆತು. ಆ ಪಾಠ ಬಂದ್ರ ಹುಡುಗರು ಆಕಳಿಸ್ತಾರ. ಪುರಾಜೀವ, ಮಧ್ಯಜೀವ, ನವಜೀವ ಅಂತ ಬಾಯಿಪಾಠ ಮಾಡ್ತಾರ, ಪರೀಕ್ಷೆ ಮುಗಿದ ಮರುದಿನ ಮರೀತಾರ. ನನಗ ಅದು ಬಾಯಿಪಾಠ ಅಲ್ಲ. ಅಪ್ಪನ ಬಾವಿ ಗೋಡ್ಯಾಗ ಕಣ್ಣಾರೆ ನೋಡೀನಿ. ಆ ಬಾವಿ ಹಾಳಾಗಿದ್ದು ಅಣ್ಣನಿಂದ ಅಂತ ಊರು ಹೇಳ್ತೈತಿ. ನನ್ನಿಂದ ಅಂತ ನಾ ಈಗ ಬರಿಯಾಕತ್ತೀನಿ.

ಚಿಕ್ಕೋಡಿ ಕಡೆ ನಮ್ಮ ತವರಿನ ಹೊಲದಾಗ ಐತಿ ಆ ಬಾವಿ. ಮ್ಯಾಲೆ ಎರಿಮಣ್ಣು, ಅದರ ಕೆಳಗ ಗರಸು, ಆಮ್ಯಾಲೆ ಎರಡಾಳು ಮಟ ಕರಿಕಲ್ಲು, ಕಟ್ಟಕಡೀಕ ತಳದಾಗ ಕೆಮ್ಮಣ್ಣಿನ ಹಾಸು. ತೋಡಿದವರು ಅಲ್ಲಿಗೇ ಯಾಕ ನಿಂತ್ರು ಅಂತ ಅಪ್ಪಗೂ ಗೊತ್ತಿರಲಿಲ್ಲ. ಕಾಲೇಜಿನಾಗ ಓದಿದ ಮ್ಯಾಲೆ ನನಗ ಗೊತ್ತಾತು.

ನಮ್ಮ ಕಡೆ ಪುರಾಜೀವ ಯುಗದ ಕಲ್ಲೇ ಇಲ್ಲ. ಮೀನು ಹುಟ್ಟಿದ್ದು, ಗಿಡ ನೆಲಕ್ಕ ಬಂದದ್ದು, ಎಲ್ಲಾ ಬ್ಯಾರೆ ಸೀಮೆಯ ಕಲ್ಲಿನಾಗ ಸಿಗ್ತೈತಿ, ಇಲ್ಲಿ ಆ ಪುಟಾನೇ ಇಲ್ಲ. ಮಧ್ಯಜೀವ ಯುಗ ಮುಗಿಯೂ ಹೊತ್ತಿಗೆ, ಸುಮಾರು ಆರೂವರೆ ಕೋಟಿ ವರ್ಷದ ಹಿಂದ, ನೆಲ ಬಿರಿದು ಲಾವಾ ಹರೀತು. ಒಂದೇ ಸಲ ಅಲ್ಲ. ಹರೀತು, ಆರಿತು, ಮತ್ತ ಹರೀತು. ನಡುವ ಬಿಡುವು ಸಿಕ್ಕಾಗ ಮ್ಯಾಲಿನ ಕಲ್ಲು ಬಿಸಿಲಿಗೆ ಮಳಿಗೆ ಸವೆದು ಮಣ್ಣಾತು, ಅದರ ಮ್ಯಾಲೆ ಮತ್ತ ಲಾವಾ ಬಂದು ಕುಂತಿತು. ಅದೇ ಈ ಕೆಮ್ಮಣ್ಣು. ಬಲು ಜಿಗಟು, ನೀರನ್ನ ಕೆಳಗ ಬಿಡೂದಿಲ್ಲ. ಕಲ್ಲಿನ ಸೀಳಿನಿಂದ ಬಂದ ನೀರು ಅದರ ಮ್ಯಾಲೆ ನಿಲ್ತೈತಿ. ನಮ್ಮ ಬಾವಿ ತುಂಬಿರೂದು ಅದರ ಪುಣ್ಯೇದಿಂದ.

ಅಪ್ಪ ತೀರಿದ ವರ್ಷ ಅಣ್ಣ ಹಕ್ಕಸೋಡ ಪತ್ರ ತಯಾರ ಮಾಡಿಸಿದ. ನಮ್ಮ ಕಡೆ ರೂಢಿ ಅದು. ಆಸ್ತಿ ಮ್ಯಾಲಿನ ಹಕ್ಕು ಬಿಟ್ಟೀನಿ ಅಂತ ತಂಗಿ ಕಚೇರ್ಯಾಗ ಸಹಿ ಮಾಡಬೇಕು, ಅಣ್ಣ ಸೀರಿ ಉಡಿಸಬೇಕು, ಎಲ್ಲಾರೂ ಕೂಡಿ ಉಂಡು ಬರಬೇಕು. ತವರಿನ ಬಾಗಿಲಾ ತೆರೆದಿರಲಿ ಅಂತ ನಾನೂ ಸಹಿ ಮಾಡಿದೆ. ಮನಿಗೆ ಬಂದು ಸೀರಿ ಮಡಿಕಿ ಬಿಚ್ಚಿ ನೋಡ್ತೀನಿ, ಅದು ನಾನೇ ಎರಡು ವರ್ಷದ ಹಿಂದ ಅಣ್ಣನ ಹೇಂತಿಗೆ, ನಮ್ಮ ವೈನಿಗೆ, ಉಡಿಸಿದ್ದ ಸೀರಿ! ಕಪಾಟಿನಾಗ ಕೈಗೆ ಸಿಕ್ಕದ್ದು ಎತ್ತಿಕೊಂಡು ಬಂದಿದ್ದ. ಹೊಟ್ಟಿ ಹೆಂಗ ಉರೀತಂತೀರಿ! ಫೋನ್ ಮಾಡಿ ಕೇಳಿದ್ರ, "ಸೀರಿ ಸೀರಿನ ಅಲ್ಲೇನ, ಯಾರದಾದ್ರೇನು" ಅಂದ. ಆವತ್ತಿನಿಂದ ಅವನ ಜೋಡಿ ನಾ ನೆಟ್ಟಗ ಮಾತಾಡಿಲ್ಲ.

ವೈನಿ ಮಾತ್ರ ಬ್ಯಾರೆ. ಭೋಜ ಊರಾಕಿ. ಅಣ್ಣನ ಕಬ್ಬಿಗೆ ಕೃಷ್ಣಾ ಹೊಳಿಯಿಂದ ಪೈಪ್‌ಲೈನ್ ಐತಿ. ಬಾವಿ ನೀರು ಆಕೀದು. ಎರಡು ಎಮ್ಮಿ, ಹತ್ತು ಸಾಲು ಬದನಿ, ಮೆಂತೆ, ಮೆಣಸಿನಕಾಯಿ, ಎಲ್ಲಾ ಆ ನೀರಿನ ಮ್ಯಾಲೆ. ಆ ಮನ್ಯಾಗ ಆಕಿ ಯಾರನ್ನೂ ಕೇಳದ ಮಾಡೂ ಕೆಲಸ ಅಂದ್ರ ಅದೊಂದೇ.

ಹೋದ ಬ್ಯಾಸಗ್ಯಾಗ ಅಣ್ಣಗ ಆಸೆ ಹತ್ತಿತು. ಬಾವಿ ತಳದಾಗ ಬೋರ್ ಹೊಡಿಸಿದ್ರ ನೀರು ಹೆಚ್ಚಾಗಿ ಇನ್ನಷ್ಟು ಕಬ್ಬು ಹಚ್ಚಬಹುದು ಅಂದ. ಅಂಗೈ ಮ್ಯಾಲೆ ತೆಂಗಿನಕಾಯಿ ಇಟ್ಕೊಂಡು ನೀರು ನೋಡಾಂವ ಬಂದ, ಬಾವಿ ಮೆಟ್ಟಲಾ ಇಳಿದು ನೀರಿನ ದಂಡ್ಯಾಗ ನಿಂತ, ಕಾಯಿ ನೆಟ್ಟಗ ನಿಂತೈತಿ ಅಂದ. ತುಂಬಿದ ಬಾವ್ಯಾಗ ನಿಂತು ಇಲ್ಲಿ ನೀರೈತಿ ಅಂತ ಹೇಳಾಕ ಕಾಯಿ ಬ್ಯಾರೆ ಬೇಕೇನ್ರಿ! ವೈನಿ ನನಗ ಫೋನ್ ಮಾಡಿದಳು. "ಬಾ ತಂಗಿ. ಕಲ್ಲು ಮಣ್ಣಿನ ವಿಷಯ ಓದಿದಾಕಿ ನೀ. ನನಗ್ಯಾಕೋ ಅಂಜಿಕಿ ಬರಾಕತ್ತೈತಿ" ಅಂದಳು. ಹೋದೆ. ಬ್ಯಾಡ ಅಂತ ಹೇಳಬೇಕಂತನ ಹೋದೆ.

ಮೋಟಾರ್ ಹಚ್ಚಿ ಬಾವಿ ಬರಿದು ಮಾಡಿದ್ರು, ಕ್ರೇನಿನಿಂದ ಸಣ್ಣ ಮಷಿನ್ ಇಳಿಸಿದ್ರು. ಅಣ್ಣ ನನ್ನ ನೋಡಿ, ನೆರೆದ ಮಂದಿ ಮುಂದ, "ಬಂದ್ರು ನೋಡ್ರಿ ಸಾಲಿ ಅಕ್ಕೋರು. ಇನ್ನ ಡೈನೊಸಾರ್ ಬರೂದೊಂದು ಬಾಕಿ" ಅಂದ. ಎಲ್ಲಾರೂ ಹೋ ಅಂತ ನಕ್ರು. ಬಾಯಿ ತನಕ ಬಂದ ಮಾತು ನುಂಗಿದೆ.

ಸ್ವಲ್ಪ ಹೊತ್ತಿಗೆ ಕೆಂಪು ರಾಡಿ ಮ್ಯಾಲೆ ಬರಾಕ ಹತ್ತಿತು. ಬೋರ್‌ನಾಂವ ಮಷಿನ್ ನಿಲ್ಲಿಸಿ ತಳದಿಂದ ಮರಾಠ್ಯಾಗ ಒದರಿದ: "ಲಾಲ ಮಾತೀ ಆಹೇ, ದಾದಾ. ಖಾಲೀ ಜಾಊ ಕಾ?" ಕೆಮ್ಮಣ್ಣು ಹತ್ತೈತಿ, ಇನ್ನ ಕೆಳಗ ಹೋಗಲೇನು ಅಂತ. ಅಣ್ಣ ನನ್ನ ಕಡೆ ತಿರುಗಿದ. ಈಗ ಮಾರಿ ಮ್ಯಾಲೆ ನಗಿ ಇರಲಿಲ್ಲ.

"ಏನಂತಿ?" ಅಂದ.

ಹುಟ್ಟಿದಾಗಿಂದ ಅಂವ ಏನಂತಿ ಅಂತ ನನ್ನ ಕೇಳಿದ್ದು ಅದೊಂದೇ ಸಲ. ಬ್ಯಾಡ ಅಂದಿದ್ರ ಸಾಕಿತ್ತು. ಈ ಕೆಮ್ಮಣ್ಣಿನ ಹಾಸಿನಾಗ ತೂತು ಬಿದ್ರ ಮ್ಯಾಲಿನ ನೀರು ಕೆಳಗಿನ ಒಣ ಬಿರುಕಿನಾಗ ಇಳಿದು ಹೋಗ್ತೈತಿ ಅಂತ ನನಗ ಗೊತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮ್ಯಾಲೆ ಚಿತ್ರ ಬರೆದು ಹೇಳ್ತೀನಿ.

"ನನ್ನ ಯಾಕ ಕೇಳ್ತಿ?" ಅಂದೆ. "ನಂದೇನೈತಿ ಇಲ್ಲಿ? ಸಹಿ ಮಾಡಿ ಕೊಟ್ಟೀನಲ್ಲ. ನಿನ್ನ ಬಾವಿ, ನಿನ್ನ ಖುಷಿ."

ಅಣ್ಣ ಬಾವ್ಯಾಗ ಬಗ್ಗಿ, "ಹೊಡೀ ಲೇ!" ಅಂತ ಒದರಿದ. ಸುಳ್ಳು ಯಾಕ ಹೇಳಲಿ, ಆವಾಗ ನನಗ ಭಾಳ ಹಗುರ ಅನಿಸ್ತು. ಹಾಳಾಗಿ ಹೋಗಲಿ, ಇವನ ಸೊಕ್ಕು ಇಳೀಲಿ ಅಂದ್ಕೊಂಡೆ. ಬಾವಿ ಕಟ್ಟಿ ಹತ್ತಿರ ವೈನಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಆಕಿನ್ನ ನೋಡಿಕೊಂಡೇ ಅಂದ್ಕೊಂಡೆ.

ನೂರೈವತ್ತು ಅಡಿ ಹೋದ್ರೂ ಕೆಳಗ ಹನಿ ನೀರು ಸಿಗಲಿಲ್ಲ, ಕರಿ ಪುಡಿ ಬಂತು. ಮರುದಿನ ಗೋಡೆಯಿಂದ ಜಿನುಗಿದ ನೀರು ತಳಕ್ಕ ಬಂದು ಆ ತೂತಿನಾಗ ಇಳಿಯಾಕತ್ತಿತ್ತು, ಗುಳು ಗುಳು ಸಪ್ಪಳ ಮ್ಯಾಲಿನ ತನಕ ಕೇಳ್ತಿತ್ತು. ಗೋಣಿಚೀಲ ತುರುಕಿದ್ರು, ಸಿಮೆಂಟ್ ಸುರಿದ್ರು, ನೀರು ಬದಿಯಿಂದ ದಾರಿ ಮಾಡ್ಕೊಂಡು ಹೋತು. ಡೈನೊಸಾರ್ ಸತ್ತು, ನವಜೀವ ಯುಗ ಬಂದು, ಎಮ್ಮಿ ಆಕಳ ಹುಟ್ಟಿ, ಮನುಷ್ಯಾ ಹುಟ್ಟೂ ತನಕ ಗಟ್ಟಿ ಕುಂತಿದ್ದ ಮಣ್ಣು ಅದು. ಅಣ್ಣ ತಂಗಿ ಕೂಡಿ ಒಂದು ಮಧ್ಯಾಹ್ನದಾಗ ಅದನ್ನ ಮುಗಿಸಿದ್ವಿ.

ಅಣ್ಣಗ ಏನಾತು ಅಂತೀರಿ? ಏನೂ ಆಗಲಿಲ್ಲ. ಅವನ ಕಬ್ಬು ಹೊಳಿ ನೀರಿಗೆ ಹಸಿರಾಗೇ ಐತಿ. ಒಣಗಿದ್ದು ಬದನಿ ಸಾಲು. ಒಂದು ಎಮ್ಮಿ ಆಕಿ ತವರಿಗೆ, ಭೋಜಕ್ಕ, ಹೋತು, ಇನ್ನೊಂದನ್ನ ಮಾರಿದ್ರು. ವೈನಿ ಈಗ ಒಂದು ಕೊಡ ನೀರಿಗೂ ಪೈಪಿನ ಕಾಕ್ ಬಿಡ್ರಿ ಅಂತ ಅವನ ಮುಂದ ನಿಲ್ಲಬೇಕು.

ಪಂಚಮಿಗೆ ತವರಿಗೆ ಹೋದೆ. ವೈನಿ ರೊಟ್ಟಿ ಬಡಿಯಾಕತ್ತಿದ್ದಳು. ತಲಿ ಎತ್ತದ ಕೇಳಿದಳು: "ತಂಗಿ, ನಿನಗ ಗೊತ್ತಿತ್ತೇನ?"

ನಾಕು ಸುಳ್ಳು ತಯಾರ ಇಟ್ಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಗೊತ್ತಿತ್ತು" ಅಂದೆ.

ಆಕಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದಳು. "ಅವರ ಮ್ಯಾಲೆ ನಿನಗ ಸಿಟ್ಟೈತಿ, ಖರೇನ. ನನಗೂ ಐತಿ, ಇಪ್ಪತ್ತೈದು ವರ್ಷದ್ದು. ಆದರ ನಿನ್ನ ಕರೆಸಿದಾಕಿ ನಾ. ನನ್ನ ಕಿವ್ಯಾಗರೆ ಹೇಳಬೇಕಿತ್ತು. ಆ ಮಷಿನಿನ ಮ್ಯಾಲೆ ಬಿದ್ದಾದ್ರೂ ನಿಲ್ಲಿಸ್ತಿದ್ದೆ."

ನನಗ ಗೊತ್ತಿತ್ತು ಅಂತ ಅಣ್ಣಗ ಆಕಿ ಇನ್ನೂ ಹೇಳಿಲ್ಲ. ಹೇಳಲಿ ಅಂತ ನಾ ಕಾಯಾಕತ್ತೀನಿ. ಹೇಳಿದ್ರ ಅಂವ ಬಂದು ಬೈತಾನ, ನಾನೂ ಬೈತೀನಿ, ಬೈಯೂದು ನನಗ ಬರ್ತೈತಿ. ಆಕಿ ಆವತ್ತು ಬೈಯಲೂ ಇಲ್ಲ. ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿದಳು. ಸಾಕು ವೈನಿ ಅಂದೆ. ಇನ್ನೊಂದು ಹಾಕಿದಳು.